ಮಗು ಯಾರ ಹತ್ತಿರ?

ಶಾಲೆಗೆ ಬೇಸಿಗೆ ರಜೆ ಬಂತೆಂದರೆ ನಮ್ಮ ಕೂಟದ ಅರ್ಧಕ್ಕರ್ಧ ಮನೆಗಳಿಗೆ ಬೀಗ. ಊರಿಗೆ ಹೊರಡುವ ಮುನ್ನ ದೂರವಾಣಿಯಲ್ಲಿ ಬರುವ ಪ್ರಶ್ನೆಗಳೂ ವರ್ಷ ವರ್ಷ ಅವೇ: ಮಗುವಿನ ಹಾಲು ಒಳಗೆ ಬಿಡುತ್ತಾರೆಯೇ, ಸ್ಟ್ರೋಲರನ್ನು ಎಲ್ಲಿಯವರೆಗೆ ತಳ್ಳಿಕೊಂಡು ಹೋಗಬಹುದು, ಕಿವಿನೋವೆಂದು ಅತ್ತರೆ ಏನು ಮಾಡುವುದು. ಈ ಸಲದ ಅಂಕಣದಲ್ಲಿ ಅದನ್ನೇ ಬರೆದುಬಿಡಿ ಎಂದು ಸಂಪಾದಕರ ಅಪ್ಪಣೆಯಾಗಿದೆ. ಎರಡು ಪುಟ ಮೀರಕೂಡದೆಂಬ ತಾಕೀತೂ ಜೊತೆಗಿದೆ. ಇಬ್ಬರು ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಎರಡು ಬಾರಿ ಬೆಂಗಳೂರಿಗೆ ಹೋಗಿಬಂದಿದ್ದೇವೆ ಎಂಬುದಷ್ಟೇ ನಮ್ಮ ಅರ್ಹತೆ. ಉಪದೇಶಕ್ಕೆ ಮೊದಲು ತಪ್ಪೊಪ್ಪಿಗೆ.

2024ರ ಜನವರಿ. ಬೆಂಗಳೂರಿನಿಂದ ಹಿಂದಿರುಗುತ್ತ ಯೂರೋಪಿನ ಒಂದು ನಿಲ್ದಾಣದಲ್ಲಿ ವಿಮಾನ ಬದಲಿಸಬೇಕಿತ್ತು. ಮಗಳಿಗೆ ಮೂರು ವರ್ಷ, ಮಗನಿಗೆ ಹತ್ತು ತಿಂಗಳು. ರಾತ್ರಿಯೆಲ್ಲ ನಿದ್ದೆಗೆಟ್ಟು ಇಳಿದ ನಮ್ಮನ್ನು ಮತ್ತೊಮ್ಮೆ ಭದ್ರತಾ ತಪಾಸಣೆಯ ಸಾಲಿಗೆ ಕಳಿಸಿದರು. ನಮ್ಮಲ್ಲೊಬ್ಬರು ಸ್ಟ್ರೋಲರ್ ಮಡಚುವುದರಲ್ಲಿ, ಇನ್ನೊಬ್ಬರು ಮಗನನ್ನು ಕಂಕುಳಲ್ಲಿಟ್ಟುಕೊಂಡು ಲ್ಯಾಪ್‌ಟಾಪು, ಕೋಟು, ಹಾಲಿನ ಬಾಟಲಿಗಳನ್ನು ಟ್ರೇಗೆ ಹಾಕುವುದರಲ್ಲಿ ಮುಳುಗಿದ್ದೆವು. ಆಚೆ ಬದಿಗೆ ದಾಟಿ ಎಲ್ಲ ಬಾಚಿಕೊಂಡು ತಲೆಯೆತ್ತಿದರೆ ಮಗಳಿಲ್ಲ.

"ನಿಮ್ಮ ಹತ್ತಿರ ಇದ್ದಳಲ್ಲಾ?"

"ನಾನು ನಿನ್ನ ಹತ್ತಿರ ಇದಾಳೆ ಅಂದ್ಕೊಂಡೆ."

ಈ ಎರಡು ಮಾತು ಮುಗಿಯುವಷ್ಟರಲ್ಲಿ ಕಾಲಿನ ಶಕ್ತಿಯೆಲ್ಲ ಇಳಿದುಹೋಯಿತು. ಅಧಿಕಾರಿಯೊಬ್ಬಾಕೆ ಬಂದು, ಮಗು ಯಾವ ಬಣ್ಣದ ಉಡುಪು ಹಾಕಿದೆ ಎಂದು ಕೇಳಿದರು. ಒಬ್ಬರು ಹಳದಿ ಎಂದೆವು, ಒಬ್ಬರು ಕೆಂಪು ಎಂದೆವು. (ಹಳದಿ ಅಂಗಿಯ ಮೇಲೆ ಕೆಂಪು ಸ್ವೆಟರ್ ಇತ್ತು. ಅದನ್ನು ಬಿಚ್ಚಿ ಟ್ರೇಗೆ ಹಾಕಿದವರು ಯಾರೆಂಬುದು ನಮ್ಮ ಮನೆಯಲ್ಲಿ ಇಂದಿಗೂ ಇತ್ಯರ್ಥವಾಗಿಲ್ಲ.) ಗಡಿಯಾರದ ಲೆಕ್ಕದಲ್ಲಿ ನಾಲ್ಕು ನಿಮಿಷ. ಆ ನಾಲ್ಕು ನಿಮಿಷದಲ್ಲಿ ಏನೇನು ಯೋಚನೆ ಬಂತೆಂದು ಇಲ್ಲಿ ಬರೆಯುವುದಿಲ್ಲ, ಮಕ್ಕಳಿರುವವರಿಗೆ ಗೊತ್ತು.

ಸಿಕ್ಕಿದ್ದು ಹತ್ತು ಹೆಜ್ಜೆಯಾಚೆ. ಹಾಲಿನ ಬಾಟಲಿಗಳಿದ್ದ ಟ್ರೇಯನ್ನು ಮರುಪರೀಕ್ಷೆಗೆಂದು ಯಂತ್ರ ಪಕ್ಕದ ಬೆಲ್ಟಿಗೆ ತಳ್ಳಿತ್ತು. ಅದೇ ಟ್ರೇಯಲ್ಲಿ ಅವಳ ಬಟ್ಟೆಯ ಆನೆಯೂ ಇತ್ತು. ಆನೆಯ ಜಾಡು ಹಿಡಿದು ಹೋದವಳು ಖಾಲಿ ಟ್ರೇಗಳ ಅಟ್ಟಿಯ ಹಿಂದೆ ನಿಂತು, "ಆನೆ ಇನ್ನೂ ಬಂದಿಲ್ಲ" ಎಂದು ಅಲ್ಲಿನವರಿಗೆ ಅಪ್ಪಟ ಕನ್ನಡದಲ್ಲಿ ಹೇಳುತ್ತಿದ್ದಳು. ತನ್ನ ವಶದಲ್ಲಿದ್ದುದರ ಮೇಲೆ ಕಣ್ಣಿಟ್ಟವಳು ನಮ್ಮ ನಾಲ್ವರಲ್ಲಿ ಅವಳೊಬ್ಬಳೇ.

ನಮ್ಮದು ರಸಾಯನಶಾಸ್ತ್ರದ ಕಸುಬು. ಪ್ರಯೋಗಾಲಯದಲ್ಲಿ ತುಂಬಿದ ಫ್ಲಾಸ್ಕನ್ನು ಕೈಯಿಂದ ಕೈಗೆ ದಾಟಿಸುವಾಗ, ತೆಗೆದುಕೊಳ್ಳುವವರು "ಹಿಡಿದೆ" ಎಂದು ಬಾಯಿಬಿಟ್ಟು ಹೇಳುವ ತನಕ ಕೊಡುವವರು ಕೈ ಬಿಡುವುದಿಲ್ಲ. ಫ್ಲಾಸ್ಕಿಗೆ ಹತ್ತು ವರ್ಷದಿಂದ ಕೊಡುತ್ತಿದ್ದ ಮರ್ಯಾದೆಯನ್ನು ಮಗಳಿಗೆ ಕೊಟ್ಟಿರಲಿಲ್ಲ. ಈಗ ನಿಲ್ದಾಣದ ಬಾಗಿಲಲ್ಲೇ ಕೆಲಸ ಹಂಚಿಕೊಳ್ಳುತ್ತೇವೆ. ಒಬ್ಬರು ಸಾಮಾನಿನವರು: ಟಿಕೆಟ್ಟು, ಪಾಸ್‌ಪೋರ್ಟು, ಟ್ರೇ, ಸ್ಟ್ರೋಲರ್ ಎಲ್ಲ ಅವರದು. ಇನ್ನೊಬ್ಬರು ಮಕ್ಕಳವರು, ಅವರ ಕೈಯಲ್ಲಿ ಒಂದು ಕಾಗದವೂ ಇರಕೂಡದು. ಟ್ರೇಗಳೆಲ್ಲ ಯಂತ್ರದೊಳಕ್ಕೆ ಹೋದಮೇಲೆ ಸಾಮಾನಿನವರು ಮೊದಲು ದಾಟಿ ಆಚೆ ನಿಲ್ಲುತ್ತಾರೆ, ಅನಂತರ ದೊಡ್ಡ ಮಗು, ಕೊನೆಗೆ ಚಿಕ್ಕದನ್ನು ಎತ್ತಿಕೊಂಡು ಮಕ್ಕಳವರು. ಯಾರಾದರೂ ಬಚ್ಚಲಿಗೆ ಹೋಗಬೇಕಾದರೂ "ಮಗು ಯಾರ ಹತ್ತಿರ?" "ನನ್ನ ಹತ್ತಿರ" ಎಂಬ ಪ್ರಶ್ನೋತ್ತರ ಆಗಲೇಬೇಕು. 2025ರ ಬೇಸಿಗೆಯ ಪ್ರಯಾಣದಲ್ಲಿ ಸಾಲಿನಲ್ಲಿದ್ದವರು ನಮ್ಮನ್ನು ವಿಚಿತ್ರವಾಗಿ ನೋಡಿದರು. ನೋಡಲಿ. ಜೊತೆಗೆ, ಮನೆ ಬಿಡುವಾಗ ಮಕ್ಕಳ ಒಂದೊಂದು ಫೋಟೋ ತೆಗೆದುಕೊಳ್ಳುತ್ತೇವೆ, ಹಳದಿಯೋ ಕೆಂಪೋ ಎಂಬ ಜಗಳವೇ ಇಲ್ಲದಂತೆ. ಆಟಿಕೆ ಯಂತ್ರದೊಳಕ್ಕೆ ಹೋಗಿ ಎಲ್ಲಿ ಬರುತ್ತದೆ, ಯಾರು ತೆಗೆದುಕೊಡುತ್ತಾರೆ ಎಂದು ಮೊದಲೇ ಹೇಳಿಡುತ್ತೇವೆ.

ಇನ್ನು ಹಾಲಿನ ವಿಷಯ. 2006ರ ಆಗಸ್ಟಿನಲ್ಲಿ, ಪಾನೀಯದ ಬಾಟಲಿಗಳಲ್ಲಿ ಹೈಡ್ರೋಜನ್ ಪೆರಾಕ್ಸೈಡಿನ ಸ್ಫೋಟಕ ತುಂಬಿ ಅಟ್ಲಾಂಟಿಕ್ ದಾಟುವ ವಿಮಾನಗಳನ್ನು ಉಡಾಯಿಸುವ ಸಂಚೊಂದನ್ನು ಬ್ರಿಟಿಷ್ ಪೊಲೀಸರು ಬಯಲಿಗೆಳೆದರು. ಕೈಚೀಲದ ದ್ರವಕ್ಕೆ 100 ಮಿಲಿಲೀಟರಿನ ಮಿತಿ ಬಂದದ್ದು ಆಗ. ನಮ್ಮ ಶಾಸ್ತ್ರದ ಒಂದು ಸಾಮಾನ್ಯ ರಾಸಾಯನಿಕದಿಂದ ಲೋಕದ ತಾಯಂದಿರಿಗೆಲ್ಲ ತೊಂದರೆಯಾಯಿತಲ್ಲ ಎಂದು ನಮಗೆ ಒಂದಿಷ್ಟು ಸಂಕೋಚವೇ. ಆದರೆ ಅಮೆರಿಕದ ನಿಲ್ದಾಣಗಳಲ್ಲಿ ಎದೆಹಾಲು, ಫಾರ್ಮುಲಾ, ಮಗುವಿನ ಹಣ್ಣಿನ ಪೇಸ್ಟು ಈ ಮಿತಿಗೆ ಒಳಪಡುವುದಿಲ್ಲ. ಪ್ರಯಾಣಕ್ಕೆ ತಕ್ಕಷ್ಟು ಒಯ್ಯಬಹುದು. ಅವನ್ನು ಚೀಲದಿಂದ ಹೊರಗೆ ತೆಗೆದು ಮೊದಲೇ ಹೇಳಿಬಿಡಬೇಕು, ಬೇರೆ ಪರೀಕ್ಷೆಗೆ ಹತ್ತು ನಿಮಿಷ ಕೈಯಲ್ಲಿಟ್ಟುಕೊಳ್ಳಬೇಕು. ಹಾಲಿನ ಟ್ರೇಯಲ್ಲಿ ಬೇರೇನೂ ಹಾಕಬೇಡಿ, ಆನೆಯನ್ನಂತೂ ಬೇಡವೇ ಬೇಡ. ಬೂಟಿನ ತಾಪತ್ರಯ ಅಮೆರಿಕದಲ್ಲಿ 2025ರ ಜುಲೈಗೆ ತೀರಿತು. ಬೇರೆ ದೇಶಗಳಲ್ಲಿ ಬಿಚ್ಚಿಸಬಹುದು, ಆದ್ದರಿಂದ ಲಾಡಿಯಿಲ್ಲದ ಬೂಟೇ ಮೇಲು. ಸ್ಟ್ರೋಲರನ್ನು ಸಾಮಾನ್ಯವಾಗಿ ವಿಮಾನದ ಬಾಗಿಲವರೆಗೂ ಒಯ್ಯಬಹುದು. ವಿಮಾನ ಬದಲಿಸುವಲ್ಲಿ ಬಾಗಿಲಿಗೇ ಬರುತ್ತದೋ ಬೆಂಗಳೂರಿನಲ್ಲೇ ಸಿಗುತ್ತದೋ ಎಂದು ಚೀಟಿ ಕಟ್ಟುವವರನ್ನು ಕೇಳಿಕೊಳ್ಳಿ.

ಕಾಗದಪತ್ರ: 16 ತುಂಬದ ಮಕ್ಕಳಿಗೆ ಅಮೆರಿಕ ಕೊಡುವ ಪಾಸ್‌ಪೋರ್ಟಿನ ಆಯಸ್ಸು ಐದೇ ವರ್ಷ. ಓಸಿಐ ಇರುವ ಮಕ್ಕಳಿಗೆ 20 ವರ್ಷವಾಗುವವರೆಗೆ, ಹೊಸ ಪಾಸ್‌ಪೋರ್ಟ್ ಬಂದಾಗಲೆಲ್ಲ ಅದರ ಪ್ರತಿಯನ್ನೂ ಹೊಸ ಫೋಟೋವನ್ನೂ ಮೂರು ತಿಂಗಳೊಳಗೆ ಓಸಿಐ ಜಾಲತಾಣಕ್ಕೆ ಏರಿಸಬೇಕು. ಇದನ್ನು ಹೊರಡುವ ಹಿಂದಿನ ರಾತ್ರಿಗೆ ಇಟ್ಟುಕೊಳ್ಳಬೇಡಿ. ಮಕ್ಕಳೊಡನೆ ಒಬ್ಬರೇ ಹೊರಡುವ ತಾಯಿಯೋ ತಂದೆಯೋ, ಇನ್ನೊಬ್ಬರ ಒಪ್ಪಿಗೆ ಪತ್ರಕ್ಕೆ ನೋಟರಿ ಸಹಿ ಹಾಕಿಸಿ ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು.

ಕಿವಿಯ ಬಗ್ಗೆ ಎರಡು ಮಾತು. ಹಾರುವ ವಿಮಾನದೊಳಗಿನ ಗಾಳಿ ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನ ಗಾಳಿಗೆ ಸಮ. ಮುಳ್ಳಯ್ಯನಗಿರಿಯ ತುದಿಯಲ್ಲಿ ಕೂತಂತೆ ಎನ್ನಿ. ಇಳಿಯುವಾಗ ಒತ್ತಡ ಏರುತ್ತದೆ. ಮಕ್ಕಳ ಕಿವಿಯಿಂದ ಗಂಟಲಿಗೆ ಹೋಗುವ ನಾಳ ಕಿರಿದಾದ್ದರಿಂದ ಬೇಗ ತೆರೆದುಕೊಳ್ಳುವುದಿಲ್ಲ. ನುಂಗಿದರೆ ತೆರೆಯುತ್ತದೆ. ಆದ್ದರಿಂದ ಹಾಲು ಕೊಡಬೇಕಾದ್ದು ಚಕ್ರ ನೆಲ ಮುಟ್ಟುವಾಗಲ್ಲ, ಅದಕ್ಕೆ ಅರ್ಧ ಗಂಟೆ ಮೊದಲು ವಿಮಾನ ಇಳಿಯತೊಡಗಿದಾಗಲೇ, ಮಲಗಿದ್ದರೆ ಎಬ್ಬಿಸಿಯಾದರೂ. ಹಾಗೆಯೇ ನೆಲದ ಮೇಲೆ ಮುಚ್ಚಿದ ಸ್ಟ್ರಾ ಬಾಟಲಿಯನ್ನು ಆಕಾಶದಲ್ಲಿ ತೆರೆದರೆ ಒಳಗಿನ ಗಾಳಿ ಹಿಗ್ಗಿ ಕಾರಂಜಿ ಹಾರುತ್ತದೆ. ಬಾಯ್ಲ್‌ನ ನಿಯಮ ಓದಿದ ನಮಗೆ ಇದು ಮುಂದೆ ಕೂತವರ ಕೋಟು ಒದ್ದೆಯಾದ ಮೇಲೆ ಹೊಳೆಯಿತು.

ಹಿಂದಿರುಗುವಾಗಿನ ಕಷ್ಟ ಬೇರೆ. ಬೆಂಗಳೂರಿನಲ್ಲಿ ನಿಲ್ದಾಣದ ಬಾಗಿಲಲ್ಲೇ ಟಿಕೆಟ್ಟು ಪಾಸ್‌ಪೋರ್ಟು ತೋರಿಸಬೇಕಾದ್ದರಿಂದ ಅಜ್ಜಿ ತಾತಂದಿರ ಬೀಳ್ಕೊಡುಗೆ ಹೊರಗಿನ ರಸ್ತೆಯಂಚಿನಲ್ಲೇ. ಕಣ್ಣೀರಿನ ಆ ಗಳಿಗೆಯಲ್ಲಿ ಕೈಗೆ ಬರುವ ಪೊಟ್ಟಣಗಳಿಗೆ ಬೇಡವೆನ್ನಲು ಬಾಯಿ ಬರುವುದಿಲ್ಲ. ಆದರೆ ತುಪ್ಪ, ಉಪ್ಪಿನಕಾಯಿ ಕೂಡ ತಪಾಸಣೆಯವರ ಲೆಕ್ಕದಲ್ಲಿ ದ್ರವವೇ. ಒಣಕೊಬ್ಬರಿಯಂತೂ ಎಣ್ಣೆಯಂಶದಿಂದ ತಾನಾಗಿ ಕಾವೇರಬಲ್ಲದೆಂದು ಅಪಾಯಕಾರಿ ಸರಕುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲೇ ಇದೆ. ಇದನ್ನು ಅಮ್ಮನಿಗೆ ವಿವರಿಸಲು ಡಾಕ್ಟರೇಟು ಪ್ರಯೋಜನಕ್ಕೆ ಬರಲಿಲ್ಲ. ಬೀಳ್ಕೊಡುಗೆಯ ಊಟ, ಪೊಟ್ಟಣ ಎಲ್ಲ ಹಿಂದಿನ ದಿನವೇ ಮನೆಯಲ್ಲಿ ಮುಗಿಯಲಿ. ರಸ್ತೆಯಂಚಿನಲ್ಲಿ ಮಕ್ಕಳು ಒಬ್ಬರ ತೋಳಿನಿಂದ ಒಬ್ಬರ ತೋಳಿಗೆ ಹೋಗುತ್ತಿರುತ್ತಾರೆ. ಮಗು ಯಾರ ಹತ್ತಿರ ಎಂದು ಅಲ್ಲೂ ಕೇಳುತ್ತಿರಿ.

ನಮ್ಮ ಮನೆಯಲ್ಲಿ ಹಗುರವಾದ, ಒಂದೇ ಕೈಯಲ್ಲಿ ಮಡಚಬಹುದಾದ ಸ್ಟ್ರೋಲರ್ ಒಂದು ಸುಮ್ಮನೆ ಬಿದ್ದಿದೆ. ಈ ಬೇಸಿಗೆಗೆ ಬೇಕಾದವರು ಮುಂದಿನ ಕೂಟದಲ್ಲಿ ಕೇಳಿ ಒಯ್ಯಬಹುದು. ಎಡಗಡೆಯ ಮುಂದಿನ ಚಕ್ರ ಮಾತ್ರ ಸ್ವಲ್ಪ ಎಳೆಯುತ್ತದೆ.