ಬಣ್ಣ ತಿಳಿಯಾದರೆ ಕಥೆ ಹಗುರವೇ?

ಜಪಾನಿನ ನಿಂಟೆಂಡೊ ಕಂಪನಿ 2000ನೇ ಇಸವಿಯಲ್ಲಿ ತನ್ನ ಗೇಮ್‌ಕ್ಯೂಬ್ ಎಂಬ ವಿಡಿಯೊ ಗೇಮ್ ಯಂತ್ರದ ಸಾಮರ್ಥ್ಯ ತೋರಿಸಲು ಒಂದು ಕಿರುತುಣುಕು ಪ್ರದರ್ಶಿಸಿತು. ‘ದಿ ಲೆಜೆಂಡ್ ಆಫ್ ಝೆಲ್ಡಾ’ ಸರಣಿಯ ನಾಯಕ ಲಿಂಕ್‌ಗೂ ಖಳ ಗ್ಯಾನನ್‌ಡಾರ್ಫ್‌ಗೂ ಕತ್ತಿಕಾಳಗ. ಇಬ್ಬರದೂ ನಿಜ ಮನುಷ್ಯರಂಥ ಮೈಕಟ್ಟು. ಮುಂದಿನ ಝೆಲ್ಡಾ ಹೀಗೇ ಇರುತ್ತದೆಂದು ಅಭಿಮಾನಿಗಳು ನಂಬಿಕೊಂಡರು. ಮರುವರ್ಷ ಕಂಪನಿ ತೋರಿಸಿದ್ದು ದಪ್ಪ ತಲೆ, ಅಗಲ ಕಣ್ಣು, ಚಪ್ಪಟೆ ಬಣ್ಣಗಳ ಅಪ್ಪಟ ಕಾರ್ಟೂನನ್ನು. ಇದು ಚಿಕ್ಕ ಮಕ್ಕಳ ಆಟ ಎಂದು ಹಲವರು ಸಿಡುಕಿದರು.

ಆ ಆಟವೇ ‘ವಿಂಡ್ ವೇಕರ್’. ಅದರ ಕಥೆಯೇನು? ಹಿಂದಿನ ಆಟಗಳಲ್ಲಿ ನಾವು ಕಾಪಾಡಿದ ಹೈರೂಲ್ ರಾಜ್ಯ ಸಮುದ್ರದ ತಳ ಸೇರಿದೆ. ಈಗ ಲಿಂಕ್ ದೋಣಿ ನಡೆಸುವ ದ್ವೀಪಗಳೆಲ್ಲ ಆ ಮುಳುಗಿದ ನಾಡಿನ ಬೆಟ್ಟದ ತುದಿಗಳು. ಕೊನೆಯಲ್ಲಿ ಅದರ ರಾಜನೇ ತನ್ನ ರಾಜ್ಯ ಶಾಶ್ವತವಾಗಿ ಕೊಚ್ಚಿಹೋಗಲಿ ಎಂದು ಬೇಡಿಕೊಳ್ಳುತ್ತಾನೆ. ತನ್ನ ಮರುಭೂಮಿಯ ಗಾಳಿ ಸಾವನ್ನಷ್ಟೇ ತರುತ್ತಿತ್ತು, ಅದಕ್ಕೇ ಹೈರೂಲಿನ ಗಾಳಿಗೆ ಆಸೆಪಟ್ಟೆ ಎನ್ನುವ ಗ್ಯಾನನ್‌ಡಾರ್ಫ್ ಬರೀ ರಾಕ್ಷಸನಾಗಿ ಉಳಿಯುವುದಿಲ್ಲ. ಇಡೀ ಸರಣಿಯಲ್ಲಿ ಇಷ್ಟು ವಿಷಾದದ ಅಂತ್ಯ ಕಡಿಮೆ. ತಿಳಿ ಬಣ್ಣ ಆ ವಿಷಾದವನ್ನು ತಡೆಯಲಿಲ್ಲ. ನಗುಮುಖದ ಹುಡುಗನ ಮೇಲೆ ಅಂಥ ಭಾರ ಬಿದ್ದಾಗ ಅದು ಇನ್ನಷ್ಟು ತಾಕುತ್ತದೆ. ಆ ದೊಡ್ಡ ಕಣ್ಣುಗಳಿಗೆ ಕೆಲಸವೂ ಉಂಟು: ಕೋಣೆಯಲ್ಲಿ ಮುಖ್ಯವಾದುದೇನಾದರೂ ಇದ್ದರೆ ಲಿಂಕ್ ಅತ್ತ ನೋಡುತ್ತಾನೆ, ಆಡುವವನಿಗೆ ಸುಳಿವು ಸಿಗುತ್ತದೆ.

ಚಿತ್ರಶೈಲಿಯೇ ಆಟದ ಭಾವ ಎಂದುಕೊಂಡವರಿಗೆ ‘ಮಜೋರಾಸ್ ಮಾಸ್ಕ್’ ಆಗಲೇ ಉತ್ತರ ಕೊಟ್ಟಿತ್ತು. 1998ರ ‘ಒಕರೀನಾ ಆಫ್ ಟೈಮ್’ ಆಟದ ಪಾತ್ರಗಳ ಮುಖ-ಮೈಗಳನ್ನೇ ಬಹುಮಟ್ಟಿಗೆ ಮತ್ತೆ ಬಳಸಿ 2000ದಲ್ಲಿ ತಂದ ಆಟ ಅದು. ಮೂರು ದಿನದಲ್ಲಿ ಚಂದ್ರ ನೆಲಕ್ಕಪ್ಪಳಿಸುತ್ತಾನೆ. ಪರಿಚಿತ ಮುಖಗಳೆಲ್ಲ ಆ ಗಡುವಿನ ಅಡಿಯಲ್ಲಿ ಬೇರೆಯಾಗಿ ಕಾಣುತ್ತವೆ. ಸಾಹಸದ ಕಥೆ ಮರಣಭಯದ ಕಥೆಯಾಯಿತು.

ಆದರೆ ಮಾರುಕಟ್ಟೆಗೆ ಈ ಸೂಕ್ಷ್ಮ ಬೇಕಿರಲಿಲ್ಲ. ಕಾರ್ಟೂನ್ ರೂಪದಿಂದಾಗಿ ‘ವಿಂಡ್ ವೇಕರ್’ ಎಳೆಯರ ಆಟವೆಂಬ ಭಾವನೆ ಹುಟ್ಟಿ ಅಮೆರಿಕದಲ್ಲಿ ಮಾರಾಟ ಕುಗ್ಗಿತೆಂಬ ವರದಿ ತಮಗೆ ಬಂದದ್ದನ್ನು ನಿರ್ದೇಶಕ ಐಜಿ ಆವೊನುಮಾ ಆಮೇಲೆ ಹೇಳಿಕೊಂಡಿದ್ದಾರೆ. ಅದೇ ಶೈಲಿಯ ಮುಂದಿನ ಭಾಗವಾಗಬೇಕಿದ್ದ ಆಟ 2006ರಲ್ಲಿ ‘ಟ್ವೈಲೈಟ್ ಪ್ರಿನ್ಸೆಸ್’ ಆಗಿ, ಮಬ್ಬು ಬೆಳಕಿನಲ್ಲಿ, ಎತ್ತರದ ಲಿಂಕ್‌ನೊಂದಿಗೆ ಬಂತು. ಅಭಿಮಾನಿಗಳು ಕುಣಿದರು. ಒಳ್ಳೆಯ ಆಟವೇ, ಅದರಲ್ಲಿ ಲಿಂಕ್‌ನ ಜೊತೆಗಾತಿಯಾದ ಮಿಡ್ನಾಳ ಪಾತ್ರ ಸರಣಿಯ ಅತ್ಯುತ್ತಮಗಳಲ್ಲೊಂದು. ಆದರೂ ಕಣ್ಣಿಗೆ ಬೇಗ ಹಳತಾದದ್ದು ಅದೇ. ನೈಜತೆಯ ಬೆನ್ನುಹತ್ತಿದ ಚಿತ್ರ ತನ್ನ ಕಾಲದ ಯಂತ್ರದ ಮಿತಿಯನ್ನು ಮುಖದ ಮೇಲೇ ಹೊತ್ತಿರುತ್ತದೆ.

2017ರ ‘ಬ್ರೆತ್ ಆಫ್ ದಿ ವೈಲ್ಡ್’ ಈ ಪಾಠ ಕಲಿತಿತ್ತು. ಅದರ ಕಲಾ ನಿರ್ದೇಶಕ ಸತೋರು ತಕಿಜಾವಾ, ‘ವಿಂಡ್ ವೇಕರ್’ ತಂಡದಲ್ಲೂ ಇದ್ದವರು. ಜಲವರ್ಣದಂತೆ ಹಗುರವಾದ ಆ ಲೋಕದಲ್ಲಿ ಕಡಿದ ಮರ ಥಟ್ಟನೆ ಸೌದೆಯ ಕಟ್ಟಾಗುತ್ತದೆ, ಯಾರಿಗೂ ವಿಚಿತ್ರ ಎನಿಸುವುದಿಲ್ಲ. ಫೋಟೊದಂಥ ಕಾಡಿನಲ್ಲಿ ಹಾಗಾದರೆ ನಗು ಬರುತ್ತಿತ್ತು.

ವೀ ಯು ಯಂತ್ರಕ್ಕಾಗಿ ಹಳೆಯ ಝೆಲ್ಡಾಗಳನ್ನು ಹೈ ಡೆಫಿನಿಷನ್‌ನಲ್ಲಿ ಮರುರೂಪಿಸಲು ಹೊರಟಾಗ ನಿಂಟೆಂಡೊ 2013ರಲ್ಲಿ ಮೊದಲು ತಂದದ್ದು ‘ವಿಂಡ್ ವೇಕರ್’ ಆಟವನ್ನು. ‘ಟ್ವೈಲೈಟ್ ಪ್ರಿನ್ಸೆಸ್’ ಸರದಿ ಬಂದದ್ದು 2016ರಲ್ಲಿ.