ಕೇಳುಗನ ಕಿವಿ ಯಾರ ಸೊತ್ತು?

ಸಿನಿಮಾ ಹಾಡು ಜನರ ಕಿವಿಗೆ ಹಿತವಲ್ಲವೆಂದು ಸರಕಾರವೇ ತೀರ್ಮಾನಿಸಿದ ಕಾಲವೊಂದು ಭಾರತದಲ್ಲಿತ್ತು. 1952ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಖಾತೆಯನ್ನು ವಹಿಸಿಕೊಂಡ ಡಾ. ಬಿ. ವಿ. ಕೇಸ್ಕರರು ವಿದ್ವಾಂಸರು, ಶಾಸ್ತ್ರೀಯ ಸಂಗೀತವನ್ನು ಸ್ವತಃ ಅಭ್ಯಾಸ ಮಾಡಿದವರು. ಚಿತ್ರಗೀತೆಗಳು ದೇಶದ ಅಭಿರುಚಿಯನ್ನು ಕೆಡಿಸುತ್ತಿವೆಯೆಂಬುದು ಅವರ ದೃಢವಾದ ನಂಬಿಕೆ. ಆಲ್ ಇಂಡಿಯಾ ರೇಡಿಯೋದಲ್ಲಿ ಚಿತ್ರಗೀತೆಗೆ ಸಲ್ಲುವ ಕಾಲಕ್ಕೆ ಮಿತಿ ಬಂದಿತು. ಹಾಡಿನೊಡನೆ ಚಿತ್ರದ ಹೆಸರನ್ನು ಹೇಳಿದರೆ ಪುಕ್ಕಟೆ ಜಾಹೀರಾತಾಗುವುದೆಂದು ಅದನ್ನೂ ನಿಲ್ಲಿಸಲಾಯಿತು. ಚಿತ್ರ ನಿರ್ಮಾಪಕರು ಸುಮ್ಮನಿರುತ್ತಾರೆಯೇ? ಪ್ರಸಾರಕ್ಕೆಂದು ತಾವಿತ್ತ ಒಪ್ಪಿಗೆಯನ್ನೇ ಅವರು ಹಿಂತೆಗೆದುಕೊಂಡರು. ಕೆಲವೇ ತಿಂಗಳುಗಳಲ್ಲಿ ಚಿತ್ರಗೀತೆ ದೇಶದ ನಿಲಯಗಳಿಂದ ಬಹುಮಟ್ಟಿಗೆ ಮಾಯವಾಯಿತು.

ಕೇಸ್ಕರರನ್ನು ಹಾಸ್ಯ ಮಾಡಿ ಮುಗಿಸುವುದು ಸುಲಭ, ನ್ಯಾಯವಲ್ಲ. ಅದೇ 1952ರಲ್ಲಿ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ಅರಮನೆಗಳ ಆಶ್ರಯ ತಪ್ಪಿ ದಿಕ್ಕು ಕಾಣದಿದ್ದ ಎಷ್ಟೋ ಮಂದಿ ವಿದ್ವಾಂಸರಿಗೆ ಬಾನುಲಿಯ ಸಂಭಾವನೆಯೇ ಆಸರೆಯಾಯಿತು. ಟಿಕೀಟು ಕೊಂಡು ಕಚೇರಿಗೆ ಹೋಗಲಾರದ ಮನೆಗಳ ನಡುಮನೆಯಲ್ಲಿ ಶನಿವಾರದ ರಾತ್ರಿ ದೊಡ್ಡ ದೊಡ್ಡ ಗಾಯಕರ ದನಿ ಕೇಳಿಸಿತು. ಇದು ಸಣ್ಣ ಉಪಕಾರವಲ್ಲ. ಆದರೆ ಮಂತ್ರಿಗಳ ಲೆಕ್ಕದಲ್ಲಿ ಸೇರದೆ ಹೋದ ಒಂದು ವಸ್ತು ಪ್ರತಿಯೊಂದು ಮನೆಯಲ್ಲಿಯೂ ಇತ್ತು. ಅದು ರೇಡಿಯೋ ಪೆಟ್ಟಿಗೆಯ ತಿರುಗುಗುಬ್ಬಿ.

ಆ ಗುಬ್ಬಿಯನ್ನು ಸ್ವಲ್ಪ ತಿರುಗಿಸಿದರೆ ಸಿಲೋನ್ ಸಿಗುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರಿಗಾಗಿ ಸ್ಥಾಪಿಸಿದ ಬಲವಾದ ಪ್ರಸಾರಯಂತ್ರ ಯುದ್ಧಾನಂತರ ಕೊಲಂಬೋದ ರೇಡಿಯೋ ಸಿಲೋನಿನ ಪಾಲಾಗಿತ್ತು; ಅದರ ದನಿ ಸಮುದ್ರವನ್ನು ದಾಟಿ ಭಾರತದ ಉದ್ದಗಲಕ್ಕೂ ಕೇಳಿಸುತ್ತಿತ್ತು. 1952ರ ಕೊನೆಯಲ್ಲಿ ಅಲ್ಲಿಂದ 'ಬಿನಾಕಾ ಗೀತ್‌ಮಾಲಾ' ಹೊರಟಿತು. ಹಲ್ಲುಜ್ಜುವ ಪೇಸ್ಟಿನ ಹೆಸರಿನ ಕಾರ್ಯಕ್ರಮ, ಅಮೀನ್ ಸಯಾನಿಯವರ ಸ್ನೇಹಪೂರ್ಣ ಕಂಠ, ವಾರಕ್ಕೊಮ್ಮೆ ಏಳು ಹಾಡು. ಮೊದಲು ಅದೊಂದು ಸ್ಪರ್ಧೆ: ಕೇಳಿದ ಹಾಡುಗಳನ್ನು ಅವು ಹೊರಬಂದ ಕಾಲಾನುಕ್ರಮದಲ್ಲಿ ಜೋಡಿಸಿ ಬರೆದು ಕಳುಹಿಸಬೇಕು; ಬಹುಮಾನ ನೂರು ರೂಪಾಯಿ. ಐವತ್ತು ಕಾಗದ ಬಂದಾವೆಂದು ಎಣಿಸಿದ್ದಲ್ಲಿ ಮೊದಲ ವಾರವೇ 9,000 ಬಂದವೆಂದೂ, ವರ್ಷ ತುಂಬುವುದರೊಳಗೆ ವಾರಕ್ಕೆ 65,000 ಮುಟ್ಟಿತೆಂದೂ ಸಯಾನಿಯವರೇ ಮುಂದೆ ಹೇಳುತ್ತಿದ್ದರು. 2024ರಲ್ಲಿ ಅವರು ತೀರಿಕೊಂಡಾಗ, ಆ ದನಿಯನ್ನು ಕೇಳುತ್ತ ಬೆಳೆದ ಅಜ್ಜ ಅಜ್ಜಿಯರಿಗೆ ಮನೆಯವರೊಬ್ಬರು ಹೋದಂತೆಯೇ ಆಯಿತು.

ಕೊನೆಗೆ ದೆಹಲಿಯೂ ಬಾಗಿತು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಆರಂಭವಾಯಿತು. ಹೊರಗೆ ಹಾಕಿದ್ದ ಚಿತ್ರಗೀತೆಯನ್ನು ಹೊಸ ಬಾಗಿಲಿನಿಂದ ಒಳಗೆ ಕರೆದದ್ದಾಯಿತು. ಮಂತ್ರಿಗಳು ಮಾತ್ರ ಅವರೇ!

ಸಮೂಹ ಸಂವಹನವೆಂಬ ಶಾಸ್ತ್ರದಲ್ಲಿ ಮೊದಲ ಪಾಠವಾಗಿ ಕಲಿಸುವ ಸೂತ್ರವೊಂದಿದೆ. ಅಮೆರಿಕದ ಹೆರಾಲ್ಡ್ ಲಾಸ್‌ವೆಲ್ 1948ರಲ್ಲಿ ಹೇಳಿದ್ದು. ಯಾರು, ಏನನ್ನು, ಯಾವ ಸಾಧನದ ಮೂಲಕ, ಯಾರಿಗೆ ಹೇಳುತ್ತಾರೆ, ಅದರ ಪರಿಣಾಮವೇನು - ಇಷ್ಟನ್ನು ವಿಚಾರಿಸಿದರೆ ಯಾವುದೇ ಸಂವಹನದ ಗುಟ್ಟು ಹೊರಬೀಳುತ್ತದೆಯಂತೆ. ಅಚ್ಚುಕಟ್ಟಾದ ಸೂತ್ರವೇನೋ ಹೌದು. ಆದರೆ ಇದರಲ್ಲಿ ಕೇಳುವವನು ಸಾಲಿನ ತುದಿಯಲ್ಲಿ ಬಾಯಿ ಮುಚ್ಚಿಕೊಂಡು ಕುಳಿತಿರುವ ಪ್ರಾಣಿ. ಸಿಲೋನಿಗೆ ಹರಿದ ಆ ಕಾಗದಗಳ ಪ್ರವಾಹಕ್ಕೆ ಈ ಸೂತ್ರದಲ್ಲಿ ಸ್ಥಳವೇ ಇಲ್ಲ.

ಇದೇ ಶಾಸ್ತ್ರದ ಇನ್ನೊಂದು ಮಾತು ದ್ವಾರಪಾಲಕನದು. ಗುಡಿಯ ಬಾಗಿಲಿನ ಜಯವಿಜಯರಂತೆ, ಸುದ್ದಿಯ ಬಾಗಿಲಿನಲ್ಲಿಯೂ ಒಬ್ಬರು ನಿಂತಿರುತ್ತಾರೆ. ಒಳಗೆ ಬಿಡುವುದೂ ತಡೆಯುವುದೂ ಅವರ ಇಚ್ಛೆ. ಡೇವಿಡ್ ಮ್ಯಾನಿಂಗ್ ವೈಟ್ ಎಂಬ ಅಧ್ಯಾಪಕರು ಅಮೆರಿಕದ ಸಣ್ಣ ಊರೊಂದರ ಪತ್ರಿಕೆಯ ಉಪಸಂಪಾದಕನ ಮೇಜಿನ ಮೇಲೆ 1949ರಲ್ಲಿ ಒಂದು ವಾರ ಬಂದು ಬಿದ್ದ ತಂತಿ ಸುದ್ದಿಗಳನ್ನೆಲ್ಲ ಪರೀಕ್ಷಿಸಿದರು. ಹತ್ತರಲ್ಲಿ ಒಂಬತ್ತು ಪಾಲು ಕಸದ ಬುಟ್ಟಿ ಸೇರಿತ್ತು. ಬೇಡವೆಂದದ್ದಕ್ಕೆ ಕಾರಣವನ್ನು ಆತನೇ ಬರೆದಿಟ್ಟಿದ್ದ: ಕೆಲವು ಕಡೆ ಸ್ಥಳವಿಲ್ಲ, ಕೆಲವು ಕಡೆ ತನಗೆ ಹಿಡಿಸಲಿಲ್ಲ! ಕೇಸ್ಕರರು ಹೆಸರು ಹೇಳಿಕೊಂಡು ಬಾಗಿಲಿನಲ್ಲಿ ನಿಂತ ದ್ವಾರಪಾಲಕರು. ಅವರನ್ನು ಬೈಯಬಹುದಾಗಿತ್ತು, ಲೋಕಸಭೆಯಲ್ಲಿ ಪ್ರಶ್ನಿಸಬಹುದಾಗಿತ್ತು. ಈಗಿನ ದ್ವಾರಪಾಲಕರಿಗೆ ಮುಖವೇ ಇಲ್ಲ. ಯೂಟ್ಯೂಬಿನಲ್ಲಿ ಜನರು ನೋಡುವ ಕಾಲದಲ್ಲಿ ನೂರಕ್ಕೆ 70 ಪಾಲು, ಅದರ ಗಣಕವೇ ಮುಂದೊಡ್ಡಿದ ಚಿತ್ರಗಳಿಗೆ ಸಲ್ಲುತ್ತದೆಂದು ಆ ಸಂಸ್ಥೆಯ ಅಧಿಕಾರಿಗಳೇ 2018ರಲ್ಲಿ ಹೇಳಿದರು. ಗುಬ್ಬಿ ಕೇಳುಗನ ಕೈಯಲ್ಲಿದೆಯೆಂಬ ಭಾವನೆ ಹಾಗೆಯೇ ಉಳಿದಿದೆ. ಅದನ್ನು ತಿರುಗಿಸುತ್ತಿರುವ ಬೆರಳು ಮಾತ್ರ ಬೇರೆ.

ಆ ಬೆರಳು ಯಾರದೆಂದು ತಿಳಿಯಬೇಕಾದರೆ ಹಣ ಯಾರದೆಂದು ನೋಡಬೇಕು. 1927ರಲ್ಲಿ ಮುಂಬಯಿ ಮತ್ತು ಕಲ್ಕತ್ತೆಗಳಲ್ಲಿ ನಿಲಯ ತೆರೆದ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಕೇಳುಗರ ಲೈಸೆನ್ಸು ಹಣವನ್ನೇ ನೆಚ್ಚಿಕೊಂಡಿತ್ತು. ವರ್ಷಕ್ಕೆ ಹತ್ತು ರೂಪಾಯಿ. ಅದರಲ್ಲಿ ಎಂಟು ಕಂಪನಿಗೆ. ಪೆಟ್ಟಿಗೆ ಕೊಂಡವರೇ ಕೆಲವು ಸಾವಿರ ಮಂದಿ. 1930ರಲ್ಲಿ ಕಂಪನಿ ದಿವಾಳಿಯಾಗಿ, ಪ್ರಸಾರ ಸರಕಾರದ ಕೈಸೇರಿತು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರದು ಇನ್ನೂ ವಿಚಿತ್ರವಾದ ಸಾಹಸ. 1935ರಲ್ಲಿ ಅವರು ತಮ್ಮ ಮನೆಯಲ್ಲಿಯೇ ಸಣ್ಣದೊಂದು ಪ್ರಸಾರಯಂತ್ರವನ್ನಿಟ್ಟುಕೊಂಡು ತಮ್ಮ ಕೈಯಿಂದಲೇ ಖರ್ಚು ಮಾಡಿ ನಿಲಯ ನಡೆಸಿದರು. 'ಆಕಾಶವಾಣಿ' ಎಂಬ ಹೆಸರು ಬಾನುಲಿಗೆ ಅಂಟಿದ್ದು ಆ ಮನೆಯಿಂದಲೇ. ಮುಂದೆ ಇಡೀ ದೇಶದ ಬಾನುಲಿ ಅದನ್ನು ಎರವಲು ಪಡೆಯಿತು. ನಿಲಯ ಸಂಸ್ಥಾನದ ಕೈಗೂ ಅನಂತರ ಕೇಂದ್ರದ ಕೈಗೂ ದಾಟಿ 1955ರಲ್ಲಿ ಬೆಂಗಳೂರಿಗೆ ಹೋಯಿತು.

ಲೈಸೆನ್ಸಿನ ಕಾಲದಲ್ಲಿ ಅಂಚೆ ಕಚೇರಿಯ ಕಿಟಕಿಯ ಮುಂದೆ ಹಣ ಕಟ್ಟಿ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದ ಗೃಹಸ್ಥನಿಗೆ, ತಾನೂ ನಿಲಯಕ್ಕೆ ಪಾಲುದಾರನೆಂಬ ಹಕ್ಕು ಮನಸ್ಸಿನಲ್ಲಿಯಾದರೂ ಇತ್ತು. 1967ರ ನವೆಂಬರಿನಲ್ಲಿ ವಿವಿಧ ಭಾರತಿಗೆ ಜಾಹೀರಾತು ಬಂದಿತು. ರೇಡಿಯೋ ಲೈಸೆನ್ಸೇ 1980ರ ದಶಕದಲ್ಲಿ ರದ್ದಾಯಿತು. ಜನರಿಗೆ ಸಂತೋಷವೇ ಆಯಿತು; ಪುಕ್ಕಟೆ ಸಿಗುವುದನ್ನು ಬೇಡವೆನ್ನುವವರು ಯಾರು? ಆದರೆ ವ್ಯಾಪಾರದ ರೀತಿ ಒಳಗೊಳಗೇ ತಲೆಕೆಳಗಾಗಿತ್ತು. ಮೊದಲು ಕಾರ್ಯಕ್ರಮ ಸರಕು, ಕೇಳುಗ ಗಿರಾಕಿ. ಈಗ ಜಾಹೀರಾತುದಾರ ಗಿರಾಕಿ. ಅವನಿಗೆ ಮಾರುವ ಸರಕು ಕೇಳುಗನ ಕಿವಿ.

ಸರಕೆಂದ ಮೇಲೆ ತೂಕ ಮಾಡಬೇಕಲ್ಲವೆ? ಗೀತ್‌ಮಾಲಾದವರ ತಕ್ಕಡಿಯಲ್ಲಿದ್ದದ್ದು ಅಂಗಡಿಗಳಲ್ಲಿ ಮಾರಾಟವಾದ ತಟ್ಟೆಗಳ ಲೆಕ್ಕ ಮತ್ತು ಊರೂರಿನ ಶ್ರೋತೃ ಸಂಘಗಳ ಕಾಗದ. ದೂರದರ್ಶನದ ವಾಹಿನಿಗಳು ಹೆಚ್ಚಿದ ಮೇಲೆ ಮನೆಗಳಲ್ಲಿ ಮೀಟರಿಟ್ಟು ಅಳೆಯುವ ಪದ್ಧತಿ ಬಂದಿತು. 2020ರ ಹೊತ್ತಿಗೆ ದೇಶದ ಟಿವಿ ಇರುವ ಸುಮಾರು 21 ಕೋಟಿ ಮನೆಗಳ ರುಚಿಯನ್ನು ಐವತ್ತು ಸಾವಿರದಷ್ಟು ಮನೆಗಳ ಮೀಟರು ಹೇಳುತ್ತಿತ್ತು. ಅಂದರೆ ಒಂದು ಮನೆ ನಾಲ್ಕು ಸಾವಿರ ಮನೆಗಳ ವಕಾಲತ್ತು ವಹಿಸಿದಂತೆ! ಆ ವರ್ಷದ ಅಕ್ಟೋಬರಿನಲ್ಲಿ, ಮೀಟರಿದ್ದ ಕೆಲವು ಮನೆಗಳವರಿಗೆ ಹಣ ಕೊಟ್ಟು ಇಂಥ ವಾಹಿನಿಯನ್ನೇ ಹಾಕಿಟ್ಟಿರುವಂತೆ ಮಾಡಲಾಗಿದೆಯೆಂದು ಮುಂಬಯಿ ಪೋಲೀಸರು ಆಪಾದಿಸಿದರು. ಸುದ್ದಿವಾಹಿನಿಗಳ ಅಂಕಿಗಳ ಪ್ರಕಟಣೆಯೇ 2022ರ ಮಾರ್ಚಿನವರೆಗೆ ನಿಂತುಹೋಯಿತು. ಆಪಾದನೆ ಆಪಾದನೆಯೇ; ಅದರ ಸತ್ಯಾಸತ್ಯವೇನೇ ಇರಲಿ, ಇಷ್ಟು ಸಣ್ಣ ತಕ್ಕಡಿಯ ಮೇಲೆ ಅಷ್ಟು ದೊಡ್ಡ ಪೇಟೆ ನಿಂತಿರುವುದಂತೂ ನಿಜ.

ತೂಗುವವರು ಎಂದೂ ತೂಗಲಾರದ ಒಂದು ಸಂಗತಿಯಿದೆ. ಕೇಳಿದ ಮೇಲೆ ಮನೆಯವರು ತಮ್ಮತಮ್ಮೊಳಗೆ ಏನು ಮಾತನಾಡಿಕೊಂಡರು? 1940ರ ಅಧ್ಯಕ್ಷ ಚುನಾವಣೆಯ ಕಾಲದಲ್ಲಿ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಜೊತೆಗಾರರು ಅಮೆರಿಕದ ಓಹಾಯೋ ಪ್ರಾಂತದ ಒಂದು ಜಿಲ್ಲೆಯಲ್ಲಿ ಆರುನೂರು ಮತದಾರರನ್ನು ತಿಂಗಳು ತಿಂಗಳು ವಿಚಾರಿಸುತ್ತ ಹೋದರು. ರೇಡಿಯೋ ಮತ್ತು ಪತ್ರಿಕೆ ಜನರ ಮನಸ್ಸನ್ನು ಹೇಗೆ ತಿರುಗಿಸುತ್ತವೆಂದು ನೋಡುವುದು ಅವರ ಉದ್ದೇಶ. ಅವು ತಿರುಗಿಸಿದ ಮನಸ್ಸು ಬಹಳ ಕಡಮೆ. ಅಣ್ಣನ ಮಾತು, ನೆರೆಯವನ ಮಾತು, ಕೂಡಿ ಕೆಲಸ ಮಾಡುವವನ ಮಾತು ಅದಕ್ಕಿಂತ ಹೆಚ್ಚು ನಾಟುತ್ತಿತ್ತು. ಬಾನುಲಿಯ ಮಾತು ಮೊದಲು ಊರಿನ ನಾಲ್ವರು ತಿಳಿದವರನ್ನು ಮುಟ್ಟಿ, ಅವರ ಬಾಯಿಂದ ಉಳಿದವರನ್ನು ಮುಟ್ಟುತ್ತದೆಂದು ಅವರು ಕಂಡುಕೊಂಡರು. ಅರಳಿಕಟ್ಟೆಯನ್ನು ಬಲ್ಲ ಊರಿನವರಿಗೆ ಇದು ಹೊಸ ಶೋಧವೆನಿಸದಿರಬಹುದು.

ಈ ಸಂಗತಿಯನ್ನು ಭಾರತದಲ್ಲಿ ಒಮ್ಮೆ ಚೆನ್ನಾಗಿ ಪರೀಕ್ಷಿಸಿ ನೋಡಿದ್ದುಂಟು. 1956ರಲ್ಲಿ ಪುಣೆಯ ಸುತ್ತಿನ ಐದು ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ಯುನೆಸ್ಕೋದ ನೆರವಿನಿಂದ ರೇಡಿಯೋ ಗ್ರಾಮ ಕೂಟಗಳು ಏರ್ಪಟ್ಟವು. ವಾರಕ್ಕೆರಡು ದಿನ ಅರ್ಧ ಗಂಟೆಯ ಕಾರ್ಯಕ್ರಮ, ಒಟ್ಟು ಇಪ್ಪತ್ತು. ಹದಿನೈದಿಪ್ಪತ್ತು ಮಂದಿ ರೈತರು ಕೂಡಿ ಕುಳಿತು ಕೇಳುವುದು, ಪೆಟ್ಟಿಗೆ ನಿಂತ ಮೇಲೆ ಚರ್ಚಿಸುವುದು, ಸಂದೇಹಗಳನ್ನು ಬರೆದು ನಿಲಯಕ್ಕೆ ಕಳುಹಿಸುವುದು; ನಿಲಯದವರು ಮುಂದಿನ ಕಾರ್ಯಕ್ರಮಗಳಲ್ಲಿ ಉತ್ತರ ಕೊಡುವುದು. ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಪರವಾಗಿ ಪಾಲ್ ನ್ಯೂರಾತ್ ಇದರ ಫಲವನ್ನು ಅಳೆದರು. ಕೂಟವಿದ್ದ ಹಳ್ಳಿಗಳನ್ನು, ರೇಡಿಯೋ ಇದ್ದೂ ಕೂಟವಿಲ್ಲದ ಹಳ್ಳಿಗಳೊಡನೆಯೂ ರೇಡಿಯೋ ಇಲ್ಲದ ಹಳ್ಳಿಗಳೊಡನೆಯೂ ಹೋಲಿಸಿದರು. ಕೂಟವಿದ್ದಲ್ಲಿ ಜನರ ತಿಳಿವಳಿಕೆ ಗಮನಾರ್ಹವಾಗಿ ಹೆಚ್ಚಿತ್ತು. ಬರಿಯ ಪೆಟ್ಟಿಗೆ ಇದ್ದಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಕೆಲವು ಹಳ್ಳಿಗಳಲ್ಲಿ ಬಾವಿ ತೋಡಿದರು, ಒಳ್ಳೆಯ ತಳಿಯ ಹೋರಿ ಕೊಂಡರು, ಬಾಲವಾಡಿ ತೆರೆದರು. 1959ರಿಂದ ಸರಕಾರ ಈ ಕೂಟಗಳನ್ನು ದೇಶಕ್ಕೆಲ್ಲ ಹಬ್ಬಿಸಲು ಹೊರಟಿತು. ಪ್ರತಿಯೊಂದು ಹಳ್ಳಿಯ ಪ್ರಶ್ನೆಗೂ ಉತ್ತರ ಬರೆಯುವ ತಾಳ್ಮೆ ದೊಡ್ಡ ಕಚೇರಿಗಳಿಗೆ ಎಲ್ಲಿಂದ ಬರಬೇಕು? ಪುಣೆಯ ಹುರುಪು ಹಾಗೆಯೇ ಉಳಿಯಲಿಲ್ಲ.

ಗಾಳಿಯ ಅಲೆಗಳು ಸಾರ್ವಜನಿಕರ ಸ್ವತ್ತೆಂದು ಸುಪ್ರೀಂ ಕೋರ್ಟು 1995ರ ಫೆಬ್ರವರಿಯಲ್ಲಿ, ಕ್ರಿಕೆಟ್ ಪಂದ್ಯಗಳ ಪ್ರಸಾರದ ಮೊಕದ್ದಮೆಯಲ್ಲಿ, ತೀರ್ಪು ಕೊಟ್ಟಿತು. ಸರಕಾರದ ಏಕಸ್ವಾಮ್ಯ ಮುರಿಯಿತು. ಆದರೆ ಸ್ವತ್ತಿನ ಒಡೆಯರಿಗಿಂತ ಮೊದಲು ಗುತ್ತಿಗೆದಾರರೇ ಒಳಗೆ ಬಂದರು. ಹರಾಜಿನಲ್ಲಿ ಪರವಾನಗಿ ಹಿಡಿದ ಖಾಸಗಿ ಎಫ್‌ಎಂ ನಿಲಯಗಳಲ್ಲಿ ಮೊದಲನೆಯದು 2001ರ ಜುಲೈನಲ್ಲಿ ಬೆಂಗಳೂರಿನಲ್ಲಿಯೇ ದನಿ ತೆರೆಯಿತು. ಹಾಡು ಹಾಕಬಹುದು, ಹರಟಬಹುದು, ಜಾಹೀರಾತು ಮಾರಬಹುದು; ಸ್ವಂತ ಸುದ್ದಿಯನ್ನು ಓದಲು ಮಾತ್ರ ಅಪ್ಪಣೆಯಿಲ್ಲ. ಕೇಸ್ಕರರು ಯಾವುದನ್ನು ಹೊರಗಿಟ್ಟರೋ ಅದೊಂದೇ ಒಳಗುಳಿದಂತಾಯಿತು.

ಅದೇ ಕಾಲದಲ್ಲಿ, ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಸ್ವಸಹಾಯ ಸಂಘಗಳ ಜನರು 'ನಮ್ಮ ಧ್ವನಿ' ಎಂಬ ನಿಲಯವನ್ನು ಕಟ್ಟಿದರು. ಊರಿನ ಜನರಿಗೆ ನಿಲಯದ ಪರವಾನಗಿ ಕೊಡುವ ನಿಯಮವೇ ಆಗ ಇರಲಿಲ್ಲ. ಸಮುದಾಯದ ಸಂಸ್ಥೆಗಳಿಗೆ ಅದು ದೊರಕಿದ್ದು 2006ರ ನೀತಿಯಿಂದ. ಆಕಾಶ ಸಿಗಲಿಲ್ಲವೆಂದು ಅವರು ಸುಮ್ಮನಾಗಲಿಲ್ಲ. ಊರಿನ ಕೇಬಲ್ ಟಿವಿಯ ತಂತಿಯಲ್ಲಿಯೇ ತಮ್ಮ ದನಿಯನ್ನು ಹರಿಸಿದರು. ಚಿತ್ರವಿಲ್ಲದ ಟಿವಿಯ ಮುಂದೆ ಕುಳಿತು ಬೂದಿಕೋಟೆಯವರು ಬೂದಿಕೋಟೆಯವರ ಮಾತನ್ನೇ ಕೇಳಿದರು.