ಕಣ್ಣಿನ ಹನಿಯೂ ಹಳೆಯ ಚೀಟಿಯೂ

ಕೆಂಪಾದ ಕಣ್ಣನ್ನು ಒಂದೆರಡು ದಿನಗಳಲ್ಲಿ ತಿಳಿಯಾಗಿಸಿ, ನೋವು ನವೆಗಳನ್ನು ಶಮನಗೊಳಿಸುವ ಸ್ಟೀರಾಯ್ಡ್ ಹನಿಗಳಿಂದ ಮನುಷ್ಯನಿಗೆ ಆಗಿರುವ ಉಪಕಾರ ಸಾಮಾನ್ಯವಾದುದಲ್ಲ. ಪೊರೆಯ ಶಸ್ತ್ರಚಿಕಿತ್ಸೆಯ ತರುವಾಯ ತಲೆದೋರುವ ಉರಿಯೂತವನ್ನು ಅಡಗಿಸುವುದಕ್ಕಾಗಲಿ, ಯುವಿಯೈಟಿಸ್ ಎಂಬ ಒಳಗಣ ಉರಿಯೂತದಲ್ಲಿ ಐರಿಸ್ ಪರದೆಯು ಮಸೂರಕ್ಕೆ ಅಂಟಿಕೊಳ್ಳದಂತೆ ಕಾಯುವುದಕ್ಕಾಗಲಿ, ಕಸಿ ಮಾಡಿದ ಕಾರ್ನಿಯಾವನ್ನು ಶರೀರವು ತಿರಸ್ಕರಿಸದಂತೆ ತಡೆಯುವುದಕ್ಕಾಗಲಿ, ನೇತ್ರವೈದ್ಯನು ಮೊದಲು ಕೈ ಚಾಚುವುದು ಇವುಗಳ ಕಡೆಗೇ. ಆದಕಾರಣ ಇವನ್ನು ವಿಷವೆಂದು ಬಗೆದು ದೂರವಿಡಿರೆಂದು ಹೇಳುವವನು ಅವಿವೇಕಿ. ಆದರೆ ಇವುಗಳ ಗಂಡಾಂತರ ಇರುವುದೂ ಇವುಗಳ ಸದ್ಗುಣದಲ್ಲಿಯೇ. ಕಣ್ಣು ಏತಕ್ಕೆ ಕೆಂಪಾಯಿತೆಂದು ಈ ಔಷಧಿ ವಿಚಾರಿಸುವುದಿಲ್ಲ, ಕೆಂಪನ್ನು ಅಳಿಸಿಬಿಡುತ್ತದೆ, ಅಷ್ಟೆ. ಕೆಂಪು ಹೋದುದನ್ನು ರೋಗವೇ ಹೋದುದೆಂದು ತಿಳಿದ ರೋಗಿ ಮತ್ತೊಮ್ಮೆ ಕಣ್ಣು ಕೆಂಪಾದಾಗ ವೈದ್ಯನನ್ನು ನೆನೆಯುವುದಿಲ್ಲ, ಬುಡ್ಡಿಯನ್ನು ನೆನೆಯುತ್ತಾನೆ.

1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಸಂಧಿವಾತದ ರೋಗಿಯೊಬ್ಬಳಿಗೆ ಕಾರ್ಟಿಸೋನ್ ಎಂಬ ಸ್ಟೀರಾಯ್ಡನ್ನು ಕೊಟ್ಟು ಕಂಡ ಫಲ ಎಷ್ಟು ವಿಸ್ಮಯಕರವಾಗಿತ್ತೆಂದರೆ, ಎರಡೇ ವರ್ಷಗಳಲ್ಲಿ ಅವರಿಗೂ ಕೆಂಡಾಲ್, ರೈಕ್‌ಸ್ಟೈನ್ ಎಂಬ ರಸಾಯನಜ್ಞರಿಗೂ ನೊಬೆಲ್ ಪಾರಿತೋಷಕ ಸಂದಿತು. ಈ ವರ್ಗದ ಔಷಧಿಗಳು ಕಣ್ಣಿಗೂ ಬೇಗನೆ ಬಂದವು. ಅವುಗಳ ಹಿಂದೆಯೇ ಬಂದ ಸಂಶಯವನ್ನು 1960ರ ದಶಕದ ಆದಿಯಲ್ಲಿ ಬರ್ನಾರ್ಡ್ ಬೆಕರ್ ಮತ್ತು ಮ್ಯಾನ್ಸೂರ್ ಆರ್ಮಲಿ ಎಂಬ ಇಬ್ಬರು ನೇತ್ರತಜ್ಞರು ಬೇರೆಬೇರೆಯಾಗಿ ಪರೀಕ್ಷಿಸಿ ನೋಡಿದರು. ಪ್ರಬಲವಾದ ಸ್ಟೀರಾಯ್ಡ್ ಹನಿಯನ್ನು ಕೆಲವು ವಾರಗಳ ಕಾಲ ಬಿಡುತ್ತ ಬಂದರೆ ಆರೋಗ್ಯವಂತರಲ್ಲಿಯೂ ಸುಮಾರು ಮೂರರಲ್ಲೊಬ್ಬರಿಗೆ ಕಣ್ಣಿನೊಳಗಿನ ಒತ್ತಡ ಮಧ್ಯಮ ಪ್ರಮಾಣದಲ್ಲಿ ಏರುವುದೆಂದೂ, ನೂರರಲ್ಲಿ ಐದಾರು ಮಂದಿಗೆ ಅದು ಅಪಾಯಕರವಾದ ಎತ್ತರವನ್ನು ಮುಟ್ಟುವುದೆಂದೂ ಗೊತ್ತಾಯಿತು. 10ರಿಂದ 21 ಮಿಲಿಮೀಟರ್ ಪಾದರಸದ ನಡುವೆ ಇರಬೇಕಾದ ಈ ಒತ್ತಡ ಮೂವತ್ತನ್ನು ದಾಟಿದರೂ ಹೆಚ್ಚಿನವರಿಗೆ ನೋವಿಲ್ಲ, ಕೆಂಪಿಲ್ಲ, ಓದುವುದಕ್ಕೆ ತೊಡಕಿಲ್ಲ; ದೃಷ್ಟಿನರ ಅಂಚಿನಿಂದ ಸವೆಯುತ್ತ ಬಂದು, ನೋಟದ ಸುತ್ತಳತೆ ಕುಗ್ಗಿ, ಹೆಜ್ಜೆ ತಪ್ಪತೊಡಗಿದ ಮೇಲೆ ಗ್ಲಕೋಮಾ ಎಂಬ ಹೆಸರು ಕಿವಿಗೆ ಬೀಳುತ್ತದೆ. ಔಷಧಿಯನ್ನು ನಿಲ್ಲಿಸಿದರೆ ಒತ್ತಡ ಬಹುಮಟ್ಟಿಗೆ ಇಳಿದೀತು. ಸತ್ತ ನರತಂತು ಮರಳಿ ಬಾರದು. ದೀರ್ಘ ಬಳಕೆಯಿಂದ ಮಸೂರದ ಹಿಂಬದಿಯಲ್ಲಿ ಕಟ್ಟುವ ಪೊರೆಯನ್ನಾದರೋ ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು.

ಸೋಂಕು ತಗುಲಿದ ಕಣ್ಣಿನಲ್ಲಿ ಈ ಹನಿ ಮಾಡುವ ಕೇಡು ಇನ್ನೂ ಶೀಘ್ರವಾದುದು. ಸುಗ್ಗಿಯಲ್ಲಿ ಭತ್ತದ ಸುಂಕೋ ಕಬ್ಬಿನ ಗರಿಯೋ ತಾಗಿ ಕಾರ್ನಿಯಾ ಗೀರಿದಾಗ ಅದರೊಡನೆ ಶಿಲೀಂಧ್ರವೂ ಒಳಹೊಕ್ಕಿರಬಹುದು. ದಕ್ಷಿಣ ಭಾರತದ ಕೃಷಿಕಾರ್ಮಿಕರಲ್ಲಿ ಇಂಥ ಹುಣ್ಣು ಅಪರೂಪವಲ್ಲ. ಉರಿಯೂತವೆಂಬುದು ಶರೀರ ಮಾಡುವ ಪ್ರತಿಭಟನೆಯಾದುದರಿಂದ, ಅದನ್ನು ಸ್ಟೀರಾಯ್ಡಿನಿಂದ ಅಡಗಿಸಿದೊಡನೆ ರೈತನಿಗೆ ಹಾಯೆನಿಸುತ್ತದೆ, ಶಿಲೀಂಧ್ರಕ್ಕೆ ಅಡ್ಡಿ ತಪ್ಪುತ್ತದೆ. ಹರ್ಪಿಸ್ ವೈರಸ್ಸಿನ ಹುಣ್ಣಿನ ಪಾಡೂ ಇದೇ. 2023ರ ಮಳೆಗಾಲದಲ್ಲಿ ಕರ್ನಾಟಕದಲ್ಲಿ ಹಬ್ಬಿದ ‘ಮದ್ರಾಸ್ ಐ’ಯಂಥ ಬೇನೆಯಾದರೋ ಬಹುಮಂದಿಗೆ ಒಂದೆರಡು ವಾರಗಳಲ್ಲಿ ತಾನೇ ಇಳಿದುಹೋಗುವಂಥದು, ಆದರೂ ‘ಕಣ್ಣು ಬಂದಿದೆ’ ಎಂದೊಡನೆ ಮೆಡಿಕಲ್ ಶಾಪಿನಿಂದ ಕೈಗೆ ಬರುವುದು ಅನೇಕವೇಳೆ ಆಂಟಿಬಯಾಟಿಕ್ಕಿನೊಡನೆ ಸ್ಟೀರಾಯ್ಡ್ ಬೆರೆಸಿದ ಮಿಶ್ರಣ. ಹೆಸರಿನ ತುದಿಯಲ್ಲಿ ಅಂಟಿಕೊಂಡಿರುವ ‘ಡಿ’ ಅಕ್ಷರ ಡೆಕ್ಸಾಮೆಥಸೋನನ್ನು ಸೂಚಿಸುತ್ತದೆಂದು ಕೊಳ್ಳುವವನಿಗೆ ಹೇಳುವವರು ಯಾರು?

ಕೀಟೊರೊಲ್ಯಾಕ್, ನೆಪಫೆನ್ಯಾಕ್ ಮೊದಲಾದ ಸ್ಟೀರಾಯ್ಡಲ್ಲದ ಹನಿಗಳು ಒತ್ತಡವನ್ನು ಏರಿಸವು, ಪೊರೆಯನ್ನೂ ತಾರವು, ಹಾಗೆಂದು ನಿರುಪದ್ರವಿಗಳೆನ್ನಲಾಗದು. ಒಣಗಣ್ಣು, ಮಧುಮೇಹ, ಸಂಧಿವಾತಗಳಿರುವವರಲ್ಲಿ ಇವುಗಳ ದೀರ್ಘ ಬಳಕೆಯಿಂದ ಕಾರ್ನಿಯಾವೇ ಕರಗಿದ ಪ್ರಸಂಗಗಳುಂಟು; 1999ರಲ್ಲಿ ಅಮೆರಿಕದಲ್ಲಿ ಡೈಕ್ಲೋಫೆನ್ಯಾಕ್ ಹನಿಯೊಂದನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡುದು ಇದೇ ಕಾರಣಕ್ಕಾಗಿ. ಇನ್ನು ಹನಿ ಬಿಡುವ ಕ್ರಮ. ರೆಪ್ಪೆಯ ಒಳಗೆ ನಿಲ್ಲುವುದು ಒಂದು ಹನಿಗಿಂತ ಕಡಮೆಯೇ ಆದುದರಿಂದ ಎರಡನೆಯದು ಕೆನ್ನೆಗೆ ಹರಿದು ವ್ಯರ್ಥ. ಬಿಟ್ಟ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಒತ್ತಿಹಿಡಿದರೆ ಔಷಧಿ ಗಂಟಲಿಗೆ ಇಳಿಯುವುದು ತಪ್ಪುತ್ತದೆ. ಬೇರೊಂದು ಹನಿ ಬಿಡುವುದಿದ್ದರೆ ಐದು ನಿಮಿಷ ತಡೆಯಬೇಕು. ಪ್ರೆಡ್ನಿಸೊಲೋನ್ ಅಸಿಟೇಟಿನ ಬುಡ್ಡಿಯನ್ನು ಅಲುಗಿಸದೆ ಬಿಟ್ಟರೆ ಮೇಲಿನ ತಿಳಿ ಮಾತ್ರ ಬೀಳುತ್ತದೆ. ತೆರೆದು ತಿಂಗಳಾದ ಬುಡ್ಡಿಯನ್ನು ಎಸೆಯತಕ್ಕದ್ದು. ಅರ್ಧ ಉಳಿದಿದೆಯೆಂಬ ನಮ್ಮ ಗೃಹಸ್ಥರ ಜಿಪುಣತನಕ್ಕೆ ಇಲ್ಲಿ ಎಡೆಯಿಲ್ಲ.

ನನ್ನನ್ನು ಹೆಚ್ಚು ಕಳವಳಗೊಳಿಸುವುದು ಮಕ್ಕಳ ವಿಷಯ. ಬೇಸಗೆ ಬಂತೆಂದರೆ ಕಣ್ಣುಜ್ಜಿ ಉಜ್ಜಿ ಕೆಂಪು ಮಾಡಿಕೊಳ್ಳುವ, ಬಿಸಿಲಿಗೆ ಕಣ್ಣು ಬಿಡಲಾರದ ಹುಡುಗರು ನಮ್ಮ ಒಣಸೀಮೆಯ ಊರುಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ವರ್ನಲ್ ಎಂದು ವೈದ್ಯರು ಕರೆಯುವ ಈ ಅಲರ್ಜಿ ಹುಡುಗಿಯರಿಗಿಂತ ಹುಡುಗರನ್ನೇ ಹೆಚ್ಚಾಗಿ ಹಿಡಿದು, ವರ್ಷವರ್ಷವೂ ಮರಳಿ, ಪ್ರಾಯ ಬರುವ ಹೊತ್ತಿಗೆ ಬಹುತೇಕ ತಾನಾಗಿ ಬಿಟ್ಟುಹೋಗುತ್ತದೆ. ಮೊದಲ ಬೇಸಗೆಯಲ್ಲಿ ವೈದ್ಯರು ಬರೆದುಕೊಟ್ಟ ಸ್ಟೀರಾಯ್ಡ್ ಹನಿ ಮಗುವಿಗೆ ನೆಮ್ಮದಿ ಕೊಟ್ಟಿತಷ್ಟೆ. ಎರಡನೆಯ ಬೇಸಗೆಯಲ್ಲಿ ತಾಯಿ ಅದೇ ಚೀಟಿಯನ್ನು ಅಂಗಡಿಗೆ ಒಯ್ಯುತ್ತಾಳೆ, ಮೂರನೆಯದರಲ್ಲಿ ಚೀಟಿಯೂ ಬೇಡ, ಖಾಲಿ ಬುಡ್ಡಿ ಸಾಕು. ಅಲರ್ಜಿ ಹೋಗುವ ವಯಸ್ಸಿಗೆ ಹುಡುಗನಿಗೆ ಗ್ಲಕೋಮಾ ಉಳಿಯುತ್ತದೆ. ಓಲೊಪಟಡೀನ್, ಸೈಕ್ಲೊಸ್ಪೋರಿನ್ ಮುಂತಾದ ಹನಿಗಳಿಂದ ಸ್ಟೀರಾಯ್ಡಿನ ಅವಧಿಯನ್ನು ಮೊಟಕುಗೊಳಿಸುವ ಮಾರ್ಗ ಇದ್ದರೂ ಆ ಮಾತನ್ನು ಹೇಳಬೇಕಾದ ವೈದ್ಯನನ್ನು ಮಗು ಆ ವೇಳೆಗೆ ನೋಡಿ ವರ್ಷಗಳಾಗಿರುತ್ತವೆ.

ತಾಯಿಯನ್ನು ಹಳಿಯುವುದು ಸುಲಭ, ನಾನು ಹಳಿಯಲಾರೆ. ಅವಳ ಕೈಯಲ್ಲಿದ್ದ ಚೀಟಿಯಲ್ಲಿ ದಿನಕ್ಕೆ ಎಷ್ಟು ಸಲವೆಂದು ಬರೆದಿತ್ತೇ ವಿನಾ ಎಂದಿನವರೆಗೆಂದು ಬರೆದಿರಲಿಲ್ಲ. ಕಾನೂನು ಇಲ್ಲವೆಂದೂ ಹೇಳುವಂತಿಲ್ಲ. ಚರ್ಮಕ್ಕೆ ಹಚ್ಚುವ ಮುಲಾಮುಗಳಿಗೆ ಬಹುಕಾಲ ದೊರೆತಿದ್ದ ವಿನಾಯಿತಿಯನ್ನು, ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಔಷಧಿಗಳ ಶೆಡ್ಯೂಲ್ ಎಚ್ ಪಟ್ಟಿ ಕಣ್ಣಿನ ಔಷಧಿಗಳಿಗೆ ಕೊಡಲೇ ಇಲ್ಲ; 1945ರ ಔಷಧ ನಿಯಮಾವಳಿಯ 65ನೆಯ ನಿಯಮದಂತೆ, ಮತ್ತೆ ಕೊಡಬಹುದೆಂದು ವೈದ್ಯನೇ ಬರೆಯದ ಹೊರತು ಒಂದು ಚೀಟಿಗೆ ಒಂದೇ ಸಲ ಔಷಧಿ. ಚೀಟಿಯ ಆಯುಸ್ಸು ಮೊದಲ ಬುಡ್ಡಿಗೇ ಮುಗಿಯಿತೆಂಬ ಈ ಮಾತನ್ನು ಅಂಗಡಿಯವರು ಪಾಲಿಸುವುದಿಲ್ಲ, ಔಷಧ ಪರಿವೀಕ್ಷಕರು ಕೇಳುವುದಿಲ್ಲ, ಬರೆದುಕೊಟ್ಟ ವೈದ್ಯರೂ ಅದನ್ನು ರೋಗಿಗೆ ತಿಳಿಸುವುದಿಲ್ಲ. ಹೊಸ ಶಾಸನವನ್ನು ಬೇಡುವುದಕ್ಕೆ ಮುಂಚೆ ನೇತ್ರವೈದ್ಯರು ತಮ್ಮ ಚೀಟಿಯಲ್ಲಿ ಎರಡು ತಾರೀಖುಗಳನ್ನು ಸೇರಿಸಿದರೆ ಕೆಲಸ ಅರ್ಧ ಆದೀತು: ಹನಿಯನ್ನು ಹಂತಹಂತವಾಗಿ ಇಳಿಸಿ ನಿಲ್ಲಿಸತಕ್ಕ ದಿನ ಒಂದು, ಕಣ್ಣಿನ ಒತ್ತಡವನ್ನು ಅಳೆಯಿಸಲು ಮರಳಿ ಬರತಕ್ಕ ದಿನ ಇನ್ನೊಂದು. ಅಳೆಯುವುದಕ್ಕೆ ತಗಲುವುದು ಕೆಲವೇ ನಿಮಿಷ.